ಅಂತ್ಯಕಾಲದ ಇಚ್ಛೆ: ಶಿಲಾಶಾಸನದಿಂದ ಸಾಕ್ಷಿಪತ್ರದವರೆಗೆ

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಏರುವ ಯಾತ್ರಿಕರು ಬಸದಿಗಳ ದರ್ಶನ ಪಡೆದು ಇಳಿಯುತ್ತಾರೆ. ಬಂಡೆಯ ಮೇಲಿನ ಬರಹಗಳತ್ತ ಅನೇಕರ ದೃಷ್ಟಿ ಹರಿಯುವುದಿಲ್ಲ. ಅವುಗಳಲ್ಲಿ ಹಲವು ಸಮಾಧಿಮರಣವನ್ನು ಪಡೆದ ಮುನಿಗಳ, ಆರ್ಯಿಕೆಯರ, ಶ್ರಾವಕ-ಶ್ರಾವಿಕೆಯರ ನಿಷಿಧಿ ಶಾಸನಗಳು. ೧೮೮೯ರಲ್ಲಿ ಬಿ. ಎಲ್. ರೈಸ್ ಅವರು, ಅನಂತರ ಪರಿಷ್ಕರಿಸಿ ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಇವುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಈ ಶಾಸನಗಳು ಕೇವಲ ಮರಣದ ದಾಖಲೆಗಳಲ್ಲ. ಒಬ್ಬ ವ್ಯಕ್ತಿಯ ಅಂತಿಮ ಸಂಕಲ್ಪವು ಯಾರ ಸನ್ನಿಧಿಯಲ್ಲಿ, ಯಾವ ರೀತಿಯಲ್ಲಿ ನೆರವೇರಿತೆಂಬುದನ್ನು ಲೋಕಕ್ಕೆ ತಿಳಿಸುವ ಸಾಕ್ಷಿಗಳೂ ಆಗಿವೆ.

ಗಂಗರಸ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ಆಚರಿಸಿ ದೇಹವನ್ನು ಬಿಟ್ಟನೆಂದು ಚಿಕ್ಕಬೆಟ್ಟದ ಕಂಬದ ಶಾಸನ ತಿಳಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ೧೧೩೧ರಲ್ಲಿ ಶಿವಗಂಗೆಯಲ್ಲಿ ನಿಧನಳಾದ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನವನ್ನು ಸ್ವೀಕರಿಸಿದಳು. ಮಗಳನ್ನು ಕಳೆದುಕೊಂಡು ತಾನು ಉಳಿಯಲಾರೆನೆಂಬ ಅವಳ ಮಾತನ್ನೂ ಶಾಸನ ಮುಚ್ಚಿಡುವುದಿಲ್ಲ. ಆದರೆ ಆ ನಿರ್ಧಾರ ದುಃಖದ ಒಂದು ಗಳಿಗೆಯಲ್ಲಿ ಮುಗಿದುದಲ್ಲ. ಪ್ರಭಾಚಂದ್ರ ಸಿದ್ಧಾಂತದೇವ, ವರ್ಧಮಾನದೇವ, ರವಿಚಂದ್ರದೇವರ ಮತ್ತು ಭವ್ಯಜನರ ಸಮಕ್ಷಮದಲ್ಲಿ, ಬಂಧುಗಳನ್ನು ಬೀಳ್ಕೊಂಡು, ಒಂದು ತಿಂಗಳ ಕಾಲ ಅದು ನಡೆಯಿತು. ಅವಳ ಇಚ್ಛೆ ಏನಿತ್ತೆಂಬ ವಿಷಯದಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ.

ಈ ಬಹಿರಂಗತೆಗೆ ಶಾಸ್ತ್ರದ ಆಧಾರವಿದೆ. ಆಚಾರ್ಯ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಲ್ಲೇಖನೆಗೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ; ಇವು ಪ್ರತೀಕಾರವಿಲ್ಲದವಾಗಿರಬೇಕು. ವ್ರತವನ್ನು ಕೈಗೊಳ್ಳುವವನು ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು, ಸ್ವಜನರನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆಯನ್ನು ಬೇಡಬೇಕು. ಆಗ ಮನೆಯವರೆಲ್ಲರಿಗೂ ವಿಷಯ ತಾನಾಗಿಯೇ ತಿಳಿಯುತ್ತದೆ. ಶಿವಾರ್ಯರ 'ಭಗವತೀ ಆರಾಧನಾ' ಕ್ಷಪಕನ ಶುಶ್ರೂಷೆಗೆ ನಲವತ್ತೆಂಟು ಮಂದಿ ನಿರ್ಯಾಪಕರನ್ನು ಹೇಳಿ, ಕಾಲದೋಷದಿಂದ ಅಷ್ಟು ಜನ ದೊರೆಯದಿದ್ದರೆ ಕನಿಷ್ಠ ಇಬ್ಬರಾದರೂ ಇರಲೇಬೇಕೆಂದು ವಿಧಿಸುತ್ತದೆ. ಒಬ್ಬನೇ ನಿರ್ಯಾಪಕನಿಗೆ ಆ ಹೊರೆಯನ್ನು ಒಪ್ಪಿಸಲು ಶಾಸ್ತ್ರ ಸಮ್ಮತಿಸುವುದಿಲ್ಲ.

ಉಮಾಸ್ವಾತಿಗಳ 'ತತ್ತ್ವಾರ್ಥಸೂತ್ರ'ವು ಸಲ್ಲೇಖನೆಯ ಐದು ಅತಿಚಾರಗಳನ್ನು ಎಣಿಸುವಾಗ ಬದುಕುವ ಆಸೆಯೊಡನೆ ಸಾಯುವ ಆಸೆಯನ್ನೂ ದೋಷವೆಂದೇ ಹೇಳಿದೆ. ಆಚಾರ್ಯ ಪೂಜ್ಯಪಾದರು ವರ್ತಕನ ದೃಷ್ಟಾಂತದಿಂದ ಇದನ್ನು ಸ್ಪಷ್ಟಪಡಿಸಿದ್ದಾರೆ. ಸರಕು ತುಂಬಿದ ಮನೆಗೆ ಕೇಡು ಬಂದರೆ ವರ್ತಕನು ಮೊದಲು ಮನೆಯನ್ನು ಉಳಿಸಲು ಯತ್ನಿಸುತ್ತಾನೆ. ಅದು ಅಸಾಧ್ಯವಾದಾಗ ಸರಕನ್ನು ರಕ್ಷಿಸುತ್ತಾನೆ. ದೇಹವೆಂಬ ಮನೆಯನ್ನು ಉಳಿಸುವ ಯತ್ನ ಎಲ್ಲಿಯವರೆಗೆ ಉಚಿತ, ಎಲ್ಲಿಂದ ಮುಂದೆ ವ್ಯರ್ಥ ಎಂಬ ವಿವೇಕವೇ ಇಲ್ಲಿನ ಸಾರ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿವೇಕಕ್ಕೆ ಹೊಸ ಪರೀಕ್ಷೆಯೊಂದು ಒದಗಿತು. ೧೯೬೦ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ನಿಂತ ಹೃದಯವನ್ನು ಎದೆಯ ಮೇಲಿಂದಲೇ ಒತ್ತಿ ನಡೆಸುವ ವಿಧಾನವನ್ನು ಪ್ರಕಟಿಸಿದರು. ಹಠಾತ್ತಾಗಿ ಹೃದಯ ನಿಂತ ಅಸಂಖ್ಯ ಜನರಿಗೆ ಅದು ಪ್ರಾಣದಾನ ಮಾಡಿದೆ. ಆದರೆ ಅದೇ ಕ್ರಿಯೆಯನ್ನು, ರೋಗವು ಕೊನೆಯ ಹಂತ ಮುಟ್ಟಿ ದೇಹ ಜೀರ್ಣವಾದ ವೃದ್ಧರ ಮೇಲೂ ನಡೆಸುವ ವಾಡಿಕೆ ಬೆಳೆಯಿತು. ಪಕ್ಕೆಲುಬು ಮುರಿಯಬಹುದು, ಉಸಿರಾಟದ ಯಂತ್ರವನ್ನು ಜೋಡಿಸಬೇಕಾಗಬಹುದು, ಮೂಲವ್ಯಾಧಿ ಮಾತ್ರ ಹಾಗೆಯೇ ಉಳಿಯುತ್ತದೆ. ಆ ವೇಳೆಗೆ ರೋಗಿಗೆ ಮಾತಿರುವುದಿಲ್ಲ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಮಕ್ಕಳಲ್ಲಿ ಒಬ್ಬರು ಎಲ್ಲವನ್ನೂ ಮಾಡಿರೆಂದರೆ, ಇನ್ನೊಬ್ಬರು ತಂದೆಗೆ ನವಕಾರ ಮಂತ್ರ ಕೇಳಿಸಿದರೆ ಸಾಕೆನ್ನುತ್ತಾರೆ. ಇಬ್ಬರದೂ ಪ್ರೀತಿಯೇ. ತಂದೆಯ ಇಚ್ಛೆ ಏನೆಂದು ಮಾತ್ರ ಇಬ್ಬರಿಗೂ ತಿಳಿಯದು.

ಭಾರತದ ನ್ಯಾಯಾಲಯಗಳನ್ನು ಬಹುಕಾಲ ಕಾಡಿದ ಪ್ರಶ್ನೆಯಲ್ಲಿ ಕನ್ನಡನಾಡಿನ ಮಗಳೊಬ್ಬಳ ನೋವಿದೆ. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ೧೯೭೩ರ ನವೆಂಬರ್ ೨೭ರಂದು ನಡೆದ ಕ್ರೂರ ಹಲ್ಲೆಯಿಂದ ಅವರ ಮಿದುಳಿಗೆ ಗಾಸಿಯಾಗಿ, ೨೦೧೫ರ ಮೇ ೧೮ರಂದು ನಿಧನರಾಗುವವರೆಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಾಸಿಗೆಯಲ್ಲೇ ಉಳಿದರು. ಅವರ ಆಹಾರ ಪೂರೈಕೆಯನ್ನು ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮಾರ್ಚ್ ೭ರಂದು ತಳ್ಳಿಹಾಕಿತು. ಅವರನ್ನು ಮಗುವಿನಂತೆ ಸಲಹಿದ ಆಸ್ಪತ್ರೆಯ ಸಿಬ್ಬಂದಿ ಅವರು ಬದುಕಿರಲೆಂದು ಬಯಸಿದ್ದರು. ಆದರೂ ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಆ ತೀರ್ಪು ದಾರಿ ತೆರೆಯಿತು. ಅರುಣಾ ಅವರ ಪರವಾಗಿ ಅನೇಕರು ಮಾತನಾಡಿದರು. ಸ್ವತಃ ಅವರ ಮಾತೊಂದು ಎಲ್ಲಿಯೂ ದಾಖಲಾಗಿರಲಿಲ್ಲ.

ಇದೇ ಅವಧಿಯಲ್ಲಿ ಜೈನ ಸಮಾಜವೂ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ಆತ್ಮಹತ್ಯೆಯ ಯತ್ನವೆಂದು ಪರಿಗಣಿಸಿ ದಂಡನೀಯವೆಂದಿತು. ದೇಶದ ಹಲವೆಡೆ ಸಮಾಜಬಾಂಧವರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಅನಂತರದ ಮಹತ್ವದ ಘಟ್ಟ ೨೦೧೮ರ ಮಾರ್ಚ್ ೯. 'ಕಾಮನ್ ಕಾಸ್' ಸಂಸ್ಥೆ ೨೦೦೫ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಘನತೆಯಿಂದ ಮರಣಿಸುವ ಹಕ್ಕು ಸಂವಿಧಾನದ ೨೧ನೆಯ ವಿಧಿಯಲ್ಲಿ ಅಡಕವಾಗಿದೆಯೆಂದು ಘೋಷಿಸಿ, ಚಿಕಿತ್ಸೆಯ ಕುರಿತ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು. ಅದಕ್ಕೆ ದಂಡಾಧಿಕಾರಿಯ ಸಹಿ ಬೇಕೆಂಬ ನಿಯಮದಿಂದ ಜನರಿಗೆ ತೊಡಕಾದಾಗ ೨೦೨೩ರ ಜನವರಿ ೨೪ರಂದು ಕ್ರಮವನ್ನು ಸರಳಗೊಳಿಸಿತು. ವಯಸ್ಕರಾದ, ಸ್ವಸ್ಥ ಮನಸ್ಸಿನ ಯಾರೇ ಆದರೂ ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ನಿರ್ಧರಿಸಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಮುಂದೆ ಮನಸ್ಸು ಬದಲಾದರೆ ಪತ್ರವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬಹುದು. ರೋಗಿಯು ನಿರ್ಧರಿಸುವ ಶಕ್ತಿಯನ್ನು ಕಳೆದುಕೊಂಡು, ಗುಣವಾಗುವ ಭರವಸೆಯಿಲ್ಲದ ಸ್ಥಿತಿಯನ್ನು ತಲುಪಿದಾಗ ಮಾತ್ರ, ಎರಡು ವೈದ್ಯ ಮಂಡಳಿಗಳು ಪರಿಶೀಲಿಸಿ ಒಪ್ಪಿದ ಮೇಲೆ ಅದು ಜಾರಿಗೆ ಬರುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆಯು ೨೦೨೫ರ ಜನವರಿ ೩೦ರ ಸುತ್ತೋಲೆಯ ಮೂಲಕ ಇದನ್ನು ರಾಜ್ಯದಲ್ಲಿ ಅನುಷ್ಠಾನಕ್ಕೆ ತರಲು ಮುಂದಾಯಿತು.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಇಚ್ಛಾಪತ್ರವು ಸಲ್ಲೇಖನ ವ್ರತವಲ್ಲ. ಆ ವ್ರತಕ್ಕೆ ಗುರುವಿನ ಅನುಮತಿ ಬೇಕು, ಜಾಗೃತ ಮನಸ್ಸು ಬೇಕು. ಎದೆ ಒತ್ತುವುದು ಬೇಡವೆಂದ ಮಾತ್ರಕ್ಕೆ ಔಷಧ, ಆರೈಕೆ, ನೋವಿನ ಶಮನ ಯಾವುದೂ ನಿಲ್ಲಬೇಕಾಗಿಲ್ಲ. ಬದುಕಲು ಬಯಸುವ ಹಿರಿಯರಿಂದ ಮನೆಯವರ ಅನುಕೂಲಕ್ಕಾಗಿ ಸಹಿ ಪಡೆಯುವುದಂತೂ ಹಿಂಸೆಯೇ. ಸಾಯುವ ಆಸೆ ಅತಿಚಾರವಾದರೆ, ಅನ್ಯರ ಮರಣವನ್ನು ಆಶಿಸುವುದು ಎಷ್ಟು ದೊಡ್ಡ ದೋಷವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎಲ್ಲ ಚಿಕಿತ್ಸೆಯೂ ಬೇಕೆನ್ನುವವರ ಇಚ್ಛೆಯೂ ಅಷ್ಟೇ ಗೌರವಾರ್ಹ.

ಆದ್ದರಿಂದ ಆರೋಗ್ಯವಿರುವಾಗಲೇ ಹಿರಿಯರು ಮಕ್ಕಳನ್ನು ಕೂರಿಸಿಕೊಂಡು ಈ ಮಾತನ್ನಾಡುವುದು ಶ್ರೇಯಸ್ಕರ. ಪರಸ್ಪರ ಕ್ಷಮೆ ಬೇಡುವ ಕ್ಷಮಾವಣಿಯ ದಿನಕ್ಕಿಂತ ಯೋಗ್ಯ ಸಂದರ್ಭ ಇನ್ನಾವುದಿದೆ? ಬರೆದ ಪತ್ರದ ಪ್ರತಿಗಳು ಹೆಸರಿಸಲ್ಪಟ್ಟವರಲ್ಲಿ, ಕುಟುಂಬದ ವೈದ್ಯರಲ್ಲಿ ಇರಬೇಕು. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಪತ್ರದಿಂದ ಆಪತ್ತಿನ ರಾತ್ರಿ ಪ್ರಯೋಜನವಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆ ವೈದ್ಯರನ್ನೂ ವಕೀಲರನ್ನೂ ಕರೆಸಿ ಈ ವಿಷಯವನ್ನು ತಿಳಿಯಪಡಿಸಿದರೆ ಅದೂ ವೈಯಾವೃತ್ಯವೇ.

ಮಾಚಿಕಬ್ಬೆಯ ಇಚ್ಛೆಗೆ ಗುರುಗಳೂ ಬಂಧುಗಳೂ ಸಾಕ್ಷಿಯಾಗಿದ್ದರು. ಒಂಬತ್ತು ಶತಮಾನಗಳ ನಂತರವೂ ಶಿಲೆ ಅದನ್ನು ನುಡಿಯುತ್ತಿದೆ. ಇಂದಿನ ಶ್ರಾವಕ-ಶ್ರಾವಿಕೆಯರಿಗೆ ಶಿಲೆಯ ಅಗತ್ಯವಿಲ್ಲ. ಒಂದು ಹಾಳೆ, ಇಬ್ಬರು ಸಾಕ್ಷಿಗಳು, ಮನೆಯವರೊಡನೆ ಬಿಚ್ಚುಮನಸ್ಸಿನ ಒಂದು ಮಾತು ಇಷ್ಟಿದ್ದರೆ ಸಾಕು.