ದಿಲ್ಲಿ ಚಳಿಗೆ ಹುರುಳಿ ಕಟ್ಟು

ದಿಲ್ಲಿಯ ಜನವರಿ ಚಳಿಯಲ್ಲಿ ಯಾರ ಮನೆಗೆ ಹೋದರೂ ರಾಜ್ಮಾ. ಮಂದವಾದ ಕೆಂಪು ರಸ, ಮೇಲೊಂದಿಷ್ಟು ಬೆಣ್ಣೆ. ನನಗಂತೂ ಅದು ಒಗ್ಗಲಿಲ್ಲ ಬಿಡಿ. ಚಳಿ ಅಂದರೆ ನನ್ನ ನಾಲಿಗೆ ಕೇಳೋದು ಹುರುಳಿಕಟ್ಟಿನ ಸಾರು. ತಾತ ಮುತ್ತಾತನ ಕಾಲದ ಊಟ ಅನ್ನೋ ಹಾಗೆ ಇಲ್ಲಿಯವರು ಬಡಿಸುವ ರಾಜ್ಮಾ ಕಾಳಿನ ತವರು ಅಮೆರಿಕ. ಅದು ಸಮುದ್ರ ದಾಟಿದ್ದೇ 1492ರ ಕೊಲಂಬಸ್ ಯಾನದ ನಂತರ. ಹುರುಳಿ ಹಾಗಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ, ನವಶಿಲಾಯುಗದ ಬೂದಿ ಮಣ್ಣಿನ ನಡುವೆ ಸುಟ್ಟು ಕರಿಕಾದ ಹುರುಳಿಕಾಳು ಸಿಕ್ಕಿವೆ. ಸುಮಾರು 4,000 ವರ್ಷ ಹಳೆಯವು. ಆ ಗುಡ್ಡದ ಜನ ಮೆಣಸಿನಕಾಯಿಯನ್ನೇ ಕಾಣದವರು. (ಅದೂ ಅಮೆರಿಕದಿಂದಲೇ ಬಂದದ್ದು, ನಮ್ಮ ಸಾರಿಗೆ ಈಗ ಅದಿಲ್ಲದೆ ಆಗೋದಿಲ್ಲ!)

ಇಲ್ಲಿನ ಅಂಗಡಿಯಲ್ಲಿ ಹುರುಳಿ ಕೇಳಿದರೆ ‘ಕುದುರೆ ಸಾಕಿದ್ದೀರಾ?’ ಅಂತ ನಕ್ಕರು. ಕೊನೆಗೆ ಕೊಟ್ಟವರು ಗಢವಾಲಿನ ನೆರೆಮನೆಯಾಕೆ. ಅವರ ಬೆಟ್ಟಗಳಲ್ಲಿ ಅದರ ಹೆಸರು ಗಹತ್. ಮೈ ಬೆಚ್ಚಗಾಗುತ್ತೆ ಅಂತ ಚಳಿಗಾಲದಲ್ಲಿ ನೆನೆಹಾಕಿ, ರುಬ್ಬಿ, ಗಟ್ಟಿಯಾಗಿ ಕುದಿಸಿ ‘ಫಾಣು’ ಮಾಡ್ತಾರೆ. ನಾನು ಅದೇ ಕಾಳು ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ‘ತೀರಾ ತೆಳುವಾಯ್ತಲ್ಲ’ ಅಂದರು ಆಕೆ. ಆಮೇಲೆ ಇನ್ನೊಂದು ಲೋಟ ಕೇಳಿದರು.