ಸೋತ ಗಿಡಗಳ ಚರಿತ್ರೆ

ಬಾಬಾ ಬುಡನ್‌ರವರು ಯಮನಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತು. ಆ ಬಳಿಕ ಕಾಫಿ ಗಿಡಕ್ಕೆ ಏನಾಯಿತು ಎಂದು ಕೇಳುವವರು ಕಡಿಮೆ. ವಸ್ತುತಃ ಅದು ಸೋತಿತು. ಒಂದಲ್ಲ, ಹಲವು ಬಾರಿ.

ಚಿಕ್ಕಮಗಳೂರಿನ ಹೆಸರಿನಿಂದಲೇ 'ಚಿಕ್' ಎನಿಸಿಕೊಂಡ ಹಳೆಯ ತಳಿಯೊಂದಿತ್ತು. 1860ರ ದಶಕದಲ್ಲಿ ಬಿಳಿ ಕಾಂಡಕೊರಕ, ಅಂದರೆ ತೋಟಗಳಲ್ಲಿ ಇಂದಿಗೂ 'ಬೋರರ್' ಎಂದು ಕರೆಯುವ ಹುಳು, ಅದನ್ನು ಒಳಗಿನಿಂದ ಕೊರೆದು ಹಾಕಿತು. ಬೆನ್ನಲ್ಲೇ ಎಲೆ ತುಕ್ಕು ರೋಗ ಬಂತು. 1869ರಲ್ಲಿ ಸಿಲೋನಿನಲ್ಲಿ ಗುರುತಿಸಲ್ಪಟ್ಟ ಈ ಶಿಲೀಂಧ್ರದ ಹೊಡೆತಕ್ಕೆ ಆ ದ್ವೀಪ ಕಾಫಿಯನ್ನೇ ಕೈಬಿಟ್ಟು ಚಹಾದ ಕಡೆಗೆ ತಿರುಗಿತು. ನಮ್ಮ ಬೆಟ್ಟಗಳು ಕಾಫಿಯನ್ನು ಬಿಡಲಿಲ್ಲ. ಬಿಸಿಲಿಗೆ ಮೈಯೊಡ್ಡಿದ ಗಿಡವನ್ನೇ ಬೋರರ್ ಹೆಚ್ಚು ಹುಡುಕಿ ಬರುತ್ತದೆಂದು ಸತ್ತ ಗಿಡಗಳಿಂದಲೇ ತಿಳಿಯಿತು. ಕಾಡನ್ನು ಪೂರ್ತಿ ಕಡಿಯದೆ, ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಸುವ ಪದ್ಧತಿ ಗಟ್ಟಿಯಾದದ್ದು ಹೀಗೆ. ಕೊಡಗಿನಿಂದ ಬೇರೆ ಬೀಜವನ್ನೂ ತಂದು ಬಿತ್ತಿದರು. ಕ್ರಮೇಣ ಅದಕ್ಕೂ ತುಕ್ಕು ಹಿಡಿಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಂಟ್ ಎಂಬ ಇಂಗ್ಲಿಷ್ ತೋಟಗಾರ ರೋಗ ತಗಲದ ಗಿಡವೊಂದನ್ನು ಆರಿಸಿ ಬೀಜ ಮಾಡಿದ. 'ಕೆಂಟ್ಸ್' ತಳಿ ಮನೆಮಾತಾಯಿತು, ಪೂರ್ವ ಆಫ್ರಿಕದವರೆಗೂ ಹೋಯಿತು. (ತಳಿಗೆ ದೊರೆಯ ಹೆಸರು ಉಳಿಯಿತು, ದಿನವೂ ಗಿಡಗಳ ನಡುವೆ ಇರುತ್ತಿದ್ದ ತುಳುನಾಡಿನ, ತಮಿಳು ಸೀಮೆಯ ಕೂಲಿಗಳ ಹೆಸರು ಯಾವ ತಳಿಗೂ ಬರಲಿಲ್ಲ.) ಕೆಲವು ವರ್ಷಗಳಲ್ಲಿ ಕೆಂಟ್ಸ್‌ನ ಎಲೆಯಡಿಯಲ್ಲೂ ಅದೇ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು.

ಇಲ್ಲಿಂದ ಮುಂದಿನದು ನಮಗೆ ಬಹಳ ಮುಖ್ಯವೆನಿಸುತ್ತದೆ. 1925ರಲ್ಲಿ ಮೈಸೂರು ಸರಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆದಿತ್ತು. ಕೆಂಟ್ಸ್ ಕೆಟ್ಟಿತೆಂದು ಕಿತ್ತೆಸೆಯುವ ಬದಲು, ಅದು ಸೋತದ್ದೇಕೆಂದು ವಿಜ್ಞಾನಿ ಮೇನ್ ಪರೀಕ್ಷಿಸಿದರು. ತುಕ್ಕು ರೋಗಾಣು ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಪ್ರಭೇದಗಳಿವೆ, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಬಲಿಯಾಗುತ್ತದೆ ಎಂದು 1930ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಗಿಡ ಸೋಲದಿದ್ದರೆ ಈ ಅರಿವು ಬರುತ್ತಲೇ ಇರಲಿಲ್ಲ.

ಅದೇ ಕೇಂದ್ರದಲ್ಲಿ ಎಸ್. 288 ಎಂಬ ಇನ್ನೊಂದು ಗಿಡವಿತ್ತು. ಅದು ಎರಡೂ ಪ್ರಭೇದದ ತುಕ್ಕನ್ನು ತಡೆಯುತ್ತಿತ್ತು, ಆದರೆ ಬೀಜದಲ್ಲಿ ದೋಷವಿತ್ತು. ಮಾರುಕಟ್ಟೆಯ ದೃಷ್ಟಿಯಲ್ಲಿ ಫೇಲು. ಕೆಂಟ್ಸ್‌ನ ಬೀಜ ಒಳ್ಳೆಯದು, ತುಕ್ಕಿನ ಎದುರು ಫೇಲು. ಇವೆರಡನ್ನೂ ಕೂಡಿಸಿದರು. ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಆದುದರಿಂದ ಒಂದೊಂದು ಪೀಳಿಗೆಯ ಫಲಿತಾಂಶಕ್ಕೂ ಅಷ್ಟು ಕಾಯಬೇಕು. 1940ರ ದಶಕದಲ್ಲಿ ತೋಟಗಾರರ ಕೈಗೆ ಬಂದ ಎಸ್. 795 ಈ ಎರಡು ಸೋತ ಗಿಡಗಳ ಮಗು.

ನಮ್ಮ ಮನೆಗಳಲ್ಲಿ ಪರೀಕ್ಷಾ ಫಲಿತಾಂಶದ ದಿನ ನಡೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಣಿತದಲ್ಲಿ 20 ಅಂಕ ಬಂದ ಹುಡುಗ ತಲೆ ತಗ್ಗಿಸುತ್ತಾನೆ, ಹುಡುಗಿಯಾದರೆ ಮದುವೆಯ ಮಾತು ಶುರುವಾಗುತ್ತದೆ. ಯಾವ ಲೆಕ್ಕದಲ್ಲಿ ಎಡವಿದರು, ಎಲ್ಲಿಯವರೆಗೆ ಸರಿಯಿತ್ತು ಎಂದು ಉತ್ತರ ಪತ್ರಿಕೆ ಬಿಡಿಸಿ ನೋಡುವವರೆಷ್ಟು ಮಂದಿ? ಬುದ್ಧಿಶಕ್ತಿ ಹುಟ್ಟಿನಿಂದಲೇ ನಿಗದಿಯಾದದ್ದೆಂದು ನಂಬಿದ ಮಕ್ಕಳು ಕಷ್ಟದ ಲೆಕ್ಕವನ್ನೇ ಮುಟ್ಟಲು ಹೆದರುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಕರೋಲ್ ಡ್ವೆಕ್ 2006ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂದಿತ್ತು. ಅವಕಾಶವೇನೋ ಸಿಕ್ಕಿತು, ಆದರೆ ಎರಡು ಪರೀಕ್ಷೆಗಳ ನಡುವಿನ ವಾರಗಳಲ್ಲಿ ಮಗುವಿನ ಪಕ್ಕ ಕೂರುವವರು ಯಾರು ಎಂಬುದನ್ನು ಸರಕಾರಿ ಆದೇಶ ಹೇಳಲಾರದು.

ಕಾಫಿಯ ಕತೆಯೂ ಎಸ್. 795ಕ್ಕೆ ಮುಗಿಯಲಿಲ್ಲ. ತುಕ್ಕು ಅದನ್ನೂ ಹಿಡಿಯಿತು. 1985ರಲ್ಲಿ ಬಿಡುಗಡೆಯಾದ 'ಕಾವೇರಿ' ತಳಿ ಕೆಲವೇ ವರ್ಷ ತಡೆದು ನಿಂತಿತು. 2007ರಲ್ಲಿ 'ಚಂದ್ರಗಿರಿ' ಬಂತು. ಆದರೂ ಎಸ್. 795ನ ರುಚಿಗೆ ಮನಸೋತವರು ಇಂದಿಗೂ ಅದನ್ನೇ ನೆಡುತ್ತಾರೆ. ತುಕ್ಕು ಬರುತ್ತದೆಂದು ಗೊತ್ತಿದ್ದೇ ನೆಟ್ಟು, ಮುಂಗಾರಿಗೆ ಮುಂಚೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಎಲೆಯ ಅಡಿಗೆ ತಾಗುವಂತೆ ಹೊಡೆಯುತ್ತಾರೆ.