ವರ್ಷದ ದುಡ್ಡು, ತಿಂಗಳ ಬಾಡಿಗೆ

ಸಂಸೆ, ಕಳಸದ ಕಡೆ ಸ್ಟುಡಿಯೋಗೆ ಹೊಸ ಸಾಮಾನು ಬರುತ್ತಿದ್ದುದು ಕಾಫಿ ಮಾರಿದ ಮೇಲೆ. ಕ್ಯಾಮೆರಾ ಇರಲಿ, ಎನ್‌ಲಾರ್ಜರ್ ಇರಲಿ, ಬೆಳೆಗಾರರು ಹಿಂದಿನ ಮದುವೆಯ ಬಾಕಿ ಚುಕ್ತಾ ಮಾಡುವ ತನಕ ನಮ್ಮ ಕೈಯಲ್ಲಿ ಕಾಸು ಓಡಾಡುತ್ತಿರಲಿಲ್ಲ. ಈಗ ಹೊಸ ಫೋಟೊಶಾಪ್ ಹಾಕಿಸಿ ಎಂದು ಮಗ ಬೆನ್ನು ಬಿದ್ದಿದ್ದಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ. ಆ ತಂತ್ರಾಂಶ ದುಡ್ಡು ಕೇಳುವ ರೀತಿಯೇ ನನಗೆ ತಲೆನೋವು.

ನಾನು ಕಳಸದಲ್ಲಿ ಕೆಲಸ ಕಲಿಯುವಾಗ ಫೋಟೊ ತಿದ್ದುವುದೆಂದರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದು. ರೋಲಿಗೆ ಹನ್ನೆರಡು ಚೌಕ ಚಿತ್ರ ಬರುವ 120 ಫಿಲಂ. ಹೆಚ್ಚಾಗಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನ ‘ಇಂದು’. ತಿದ್ದಲಿಕ್ಕೆ ಇಳಿಜಾರಿನ ಒಂದು ಮರದ ಪೆಟ್ಟಿಗೆ, ಅದರ ನಡುವೆ ಹಾಲುಬಣ್ಣದ ಗಾಜು, ಅಡಿಯಲ್ಲಿ ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಗಾಜಿನಿಂದ ಮೇಲೆ ಬರಬೇಕು. ನೆಗೆಟಿವ್‌ನ ಮಂದ ಬದಿಗೆ ರೀಟಚಿಂಗ್ ಮೀಡಿಯಂ ಎಂಬ ಅಂಟುದ್ರವವನ್ನು ಹತ್ತಿಯಲ್ಲಿ ಸವರದಿದ್ದರೆ ಸೀಸ ಹಿಡಿಯುವುದೇ ಇಲ್ಲ. ಮರಳುಕಾಗದಕ್ಕೆ ತಿಕ್ಕಿ ಪೆನ್ಸಿಲ್ಲಿನ ಮೊನೆಯನ್ನು ಸೂಜಿಯ ಹಾಗೆ ಮಾಡಿಕೊಳ್ಳಬೇಕು. ಮುಖದ ಸುಕ್ಕು, ಸಿಡುಬಿನ ಕಲೆ ಎಲ್ಲ ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತವೆ. ಅಲ್ಲಿ ಅಲ್ಪವಿರಾಮದಷ್ಟು ಚಿಕ್ಕ ಗೀರುಗಳನ್ನು ತುಂಬಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಗೀರು ಒಂದಿಷ್ಟು ಹೆಚ್ಚಾದರೆ ಮದುಮಗಳ ಕೆನ್ನೆ ಸುಣ್ಣ ಬಳಿದ ಹಾಗೆ.

“ಸುಕ್ಕು ತೆಗಿ ಮಾರಾಯ, ಆದ್ರೆ ಮನುಷ್ಯನ್ನ ತೆಗೀಬೇಡ” ಎನ್ನುತ್ತಿದ್ದರು ನಮ್ಮ ಮಾಷ್ಟ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪೆಟ್ಟಿಗೆ ಮೂಲೆ ಸೇರುತ್ತಿತ್ತು. ಬೆಳಕೇ ಇಲ್ಲ, ತೊಳೆದ ಫಿಲಂ ಒಣಗುವುದೇ ಇಲ್ಲ. ಲೆನ್ಸಿಗೆ ಬೂಸ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಬಲ್ಬು ಉರಿಸಿಡುತ್ತಿದ್ದೆವು.

ಅಂದಿನ ಉದ್ರಿ ಪುಸ್ತಕ ತೆರೆದರೆ ಈ ಸೀಮೆಯ ಆರ್ಥಿಕತೆಯೇ ಕಾಣುತ್ತದೆ. ಬೆಳೆಗಾರರು ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು, ಮಂಡಳಿ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು, ನಮ್ಮ ಬಾಕಿಯೂ ಅದೇ ಕಂತಿಗೆ ಕಾಯುತ್ತಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಗಿಡಗಳು ಸುಟ್ಟಾಗ ಇಲ್ಲಿ ಬೆಲೆ ಏರಿತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತವಾಗಿ ಮಾರುವ ಅವಕಾಶ ಬಂತು. ಕಲರ್ ಆಲ್ಬಂ, ವಿಡಿಯೋ, ಫ್ಲಾಶ್ ಛತ್ರಿ ಎಲ್ಲ ಈ ಕಡೆ ಹೊಕ್ಕಿದ್ದು ಆ ದುಡ್ಡಿನ ಬೆನ್ನಿಗೆ. ಯಾರದೋ ದೇಶದ ಹಿಮಕ್ಕೆ ನಮ್ಮೂರ ಮದುವೆಗೆ ಬಣ್ಣ ಬಂದದ್ದು ಈಗಲೂ ನಂಬಲಾಗದ ಸಂಗತಿ.

ವರ್ಷದ ದುಡ್ಡಿನ ಈ ಊರುಗಳಿಗೆ ತಿಂಗಳ ದುಡ್ಡು ತಂದಿದ್ದು ಕುದುರೆಮುಖ. 1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿ ನಮ್ಮ ಮೇಲಿನ ದಾರಿಯಲ್ಲೇ ಒಂದು ಪಟ್ಟಣ ಎಬ್ಬಿಸಿತು. ಸಂಬಳವಾದ ವಾರ ಅಲ್ಲಿಂದ ಜನ ಬರುತ್ತಿದ್ದರು: ಹುಟ್ಟುಹಬ್ಬ, ನಾಮಕರಣ, ಮಕ್ಕಳ ಶಾಲೆಗೆ ಪಾಸ್‌ಪೋರ್ಟ್ ಸೈಜ್. ಉದ್ರಿ ಎಂಬ ಮಾತೇ ಇಲ್ಲ. ಸ್ಟುಡಿಯೋದ ಬಾಡಿಗೆ, ಕರೆಂಟ್ ಬಿಲ್ಲು ಹೊರಡುತ್ತಿದ್ದುದು ಅವರಿಂದ. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಯ ದಿನ ಗಣಿಗಾರಿಕೆ ನಿಂತಿತು. ಕಾಡಿಗೆ, ಭದ್ರೆಗೆ ಅದು ಒಳ್ಳೆಯದೇ ಆಯಿತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ತಿಂಗಳ ಗಿರಾಕಿಗಳು ಮನೆ ಖಾಲಿ ಮಾಡಿ ಹೋದರು.

ಬಣ್ಣದ ಕಾಲದಲ್ಲಿ ತಿದ್ದುವ ಕೆಲಸ ನಮ್ಮ ಕೈತಪ್ಪಿತ್ತು. 35 ಎಂ.ಎಂ. ನೆಗೆಟಿವ್ ಬೆರಳಗಲ, ಅದರ ಮೇಲೆ ಪೆನ್ಸಿಲ್ ಆಡಿಸುವ ಮಾತೇ ಇಲ್ಲ. ರೋಲನ್ನು ಬಸ್ಸಿನಲ್ಲಿ ಪೇಟೆಯ ಕಲರ್ ಲ್ಯಾಬಿಗೆ ಕಳಿಸಿದರೆ ಅವರು ಕೊಟ್ಟದ್ದೇ ಬಣ್ಣ. ಕೈತಪ್ಪಿದ ಆ ಕೆಲಸವನ್ನು ಮರಳಿ ಕೊಟ್ಟಿದ್ದು ಕಂಪ್ಯೂಟರ್. 2002ರಲ್ಲಿ ಬಂದ ಫೋಟೊಶಾಪ್ 7.0ರಲ್ಲಿ ಹೀಲಿಂಗ್ ಬ್ರಷ್ ಎಂಬ ಹೊಸ ಸಾಧನವಿತ್ತು. ಅದನ್ನು ಮೊದಲ ಸಲ ಹಿಡಿದಾಗ ಇದು ಮಾಷ್ಟ್ರ ಪೆನ್ಸಿಲ್ಲೇ ಅನ್ನಿಸಿತು, ಮೀಡಿಯಂ ಸವರುವ ಗೋಜಿಲ್ಲ ಅಷ್ಟೇ. ಆ ಸಿ.ಡಿ.ಗೆ ದುಡ್ಡು ಕೊಟ್ಟವರು ನಮ್ಮ ಕಸುಬಿನಲ್ಲಿ ಬೆರಳೆಣಿಕೆ. ಕಂಪ್ಯೂಟರ್ ಜೋಡಿಸಿ ಕೊಡುವವನೇ ಅದನ್ನೂ ಹಾಕಿಕೊಡುತ್ತಿದ್ದ. ಸಣ್ಣ ಊರಿನ ಸ್ಟುಡಿಯೋಗಳು ಡಿಜಿಟಲ್ ಆದ ಕಥೆಯಲ್ಲಿ ಇದನ್ನು ಬಿಟ್ಟು ಬರೆದರೆ ಅದು ಕಥೆಯೇ ಅಲ್ಲ. 2013ರಲ್ಲಿ ಫೋಟೊಶಾಪ್ ಮಾಡುವ ಅಡೋಬಿಯವರು ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿಯನ್ನೇ ಬಿಟ್ಟು ಚಂದಾಕ್ಕೆ ಹೋದಾಗ ನಮ್ಮವರಲ್ಲಿ ಹೆಚ್ಚಿನವರು ತಲೆಯನ್ನೇ ಕೆಡಿಸಿಕೊಳ್ಳದೆ ಹಳೆಯದರಲ್ಲೇ ಕೂತರು.

ಮಗ ಟ್ರಯಲ್ ಹಾಕಿ ತೋರಿಸಿದ. ಶ್ರಾದ್ಧಕ್ಕೆ ದೊಡ್ಡದು ಮಾಡಿಕೊಡಿ ಎಂದು ಒಬ್ಬರು ಅಜ್ಜಿಯ ಹಳೇ ಫೋಟೊ ತಂದಿದ್ದರು. ಮಡಿಕೆ ಬಿದ್ದು ಒಂದು ಕಣ್ಣು, ಮೂಗಿನ ಬದಿ ಹೋಗಿತ್ತು. ಹೊಸ ಆವೃತ್ತಿ ಗಳಿಗೆಯಲ್ಲಿ ಮಡಿಕೆ ಅಳಿಸಿ, ಕಣ್ಣು ತುಂಬಿ, ಚರ್ಮ ನುಣುಪು ಮಾಡಿ ಕೊಟ್ಟಿತು. ತಂದವರು ನೋಡಿ, “ಚಂದ ಆಗಿದೆ, ಆದ್ರೆ ಇದು ನಮ್ಮಜ್ಜಿ ಅಲ್ಲ ಮಾರಾಯ್ರೆ” ಅಂದರು. ಅದು ತುಂಬಿದ್ದು ಊಹೆಯ ಕಣ್ಣು. ನಾನು ಹಳೆಯದರಲ್ಲೇ ಕೂತು, ಉಳಿದಿದ್ದ ಕಣ್ಣನ್ನೇ ತಿರುಗಿಸಿ ಕೂರಿಸಿ, ಮೂಗುಬೊಟ್ಟಿನ ನೆರಳು ಕೈಯಲ್ಲಿ ಎಳೆದು ಕೊಟ್ಟೆ.

ಇಷ್ಟಾದರೂ ಹೊಸದು ಬೇಡ ಎನ್ನಲಾರೆ. ಕಾರಣ ಕನ್ನಡ. ನಮ್ಮ ಹಳೆಯ ಆಲ್ಬಂ ವಿನ್ಯಾಸಗಳೆಲ್ಲ ಯುನಿಕೋಡ್ ಅಲ್ಲದ ‘ನುಡಿ’ ಅಕ್ಷರದಲ್ಲಿವೆ. ಈಗ ಮನೆಯವರು ಹೆಸರು, ಮುಹೂರ್ತ ಎಲ್ಲ ವಾಟ್ಸಾಪಿನಲ್ಲಿ ಯುನಿಕೋಡ್‌ನಲ್ಲಿ ಕಳಿಸುತ್ತಾರೆ. ಹಳೆಯದರಲ್ಲಿ ಅಂಟಿಸಿದರೆ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ‘ಲಕ್ಷ್ಮೀ’ ಎಂಬ ಹೆಸರಿನ ಮದುಮಗಳ ಪಾಡು ಕೇಳುವುದೇ ಬೇಡ. ಮತ್ತೆ ಕೂತು ಟೈಪ್ ಮಾಡಬೇಕು, ಅದರಲ್ಲಿ ಕಾಗುಣಿತ ತಪ್ಪಿದರೆ ಹನ್ನೆರಡಿಂಚು ಎತ್ತರ, ಮೂವತ್ತಾರು ಇಂಚು ಅಗಲದ ಹಾಳೆ ದಂಡ. ಹೊಸದರಲ್ಲಿ ಅಂಟಿಸಿದ್ದು ಅಂಟಿಸಿದ ಹಾಗೆ ಕೂರುತ್ತದೆ. ಪುಕ್ಕಟೆ ಸಿಗುವ ಜಿಂಪ್ ತಂತ್ರಾಂಶದಲ್ಲೂ ಕನ್ನಡ ಸರಿಯಾಗಿ ಬರುತ್ತದೆ. ಆದರೆ ಪದರ ಪದರವಾಗಿ ಕಟ್ಟಿದ ನಮ್ಮ ವಿನ್ಯಾಸಗಳು ಅಲ್ಲಿ ತೆರೆದಾಗ ಚೆಲ್ಲಾಪಿಲ್ಲಿ.

ತಿಂಗಳು ತಿಂಗಳು ಕೊಡುವ ಚಂದಾದಲ್ಲೂ ಎರಡು ಬಗೆ. ವರ್ಷದ ಕರಾರು ಮಾಡಿ ತಿಂಗಳಿಗಿಷ್ಟು ಎಂದು ಕೊಡುವುದು ಅಗ್ಗ ಕಾಣುತ್ತದೆ, ನಡುವೆ ಬಿಟ್ಟರೆ ದಂಡ. ಆ ದಂಡವನ್ನು ಗಿರಾಕಿಗಳಿಂದ ಮುಚ್ಚಿಟ್ಟರು ಎಂದು 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರವೇ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ಕರಾರಿಲ್ಲದೆ ತಿಂಗಳಿಗೊಮ್ಮೆ ಕೊಟ್ಟು ಬೇಕಾದಾಗ ನಿಲ್ಲಿಸುವುದು ಇನ್ನೊಂದು, ದರ ಹೆಚ್ಚು. ಮಗನ ಒಲವು ಮೊದಲನೆಯದಕ್ಕೆ. ಅವನಿಗೆ ಹೋಮ್‌ಸ್ಟೇಯವರ ಫೋಟೊ ಕೆಲಸ ಸಿಗುತ್ತಿದೆ, ತಿಂಗಳ ದುಡ್ಡು ಮತ್ತೆ ಬರುತ್ತದೆ ಎಂಬ ಧೈರ್ಯ. ಆದರೆ ಕುದುರೆಮುಖ ಹತ್ತಲು ಬರುವವರ ಕೈಯಲ್ಲೆಲ್ಲ ಮೊಬೈಲ್ ಕ್ಯಾಮೆರಾ ಇದೆ, ಮಳೆಗಾಲದಲ್ಲಿ ಹೋಮ್‌ಸ್ಟೇಗಳಿಗೂ ಫೋಟೊದ ನೆನಪಿರುವುದಿಲ್ಲ. ಚಂದಾ ಚಾಲ್ತಿಯಲ್ಲಿದೆಯೇ ಎಂದು ತಂತ್ರಾಂಶ ಆಗಾಗ ಇಂಟರ್ನೆಟ್‌ಗೆ ಹೋಗಿ ನೋಡಿಕೊಳ್ಳಬೇಕು, ಕಣ್ಣು ಮೂಗು ತುಂಬುವ ಹೊಸ ವಿದ್ಯೆಗಂತೂ ಪ್ರತಿ ಸಲವೂ ನೆಟ್ ಬೇಕು. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟೇ ವಾರಗಟ್ಟಲೆ ಇಲ್ಲದ ಊರಿದು.

ಕೊನೆಗೆ ಹೀಗೆ ಮಾಡಿದ್ದೇವೆ. ಕೊಯ್ಲು ಮುಗಿದು ಮದುವೆಗಳು ಶುರುವಾಗುವ ಫೆಬ್ರವರಿಯಿಂದ ಮೇ ತನಕ ಕರಾರಿಲ್ಲದ ಚಂದಾ, ಹೆಚ್ಚು ದರವಾದರೂ ಅಡ್ಡಿಯಿಲ್ಲ. ಅದರ ಬಾಬ್ತನ್ನು ಆಲ್ಬಂ ದರದಲ್ಲೇ ಸೇರಿಸಿ ಮುಂಗಡವಾಗಿ ತೆಗೆದುಕೊಳ್ಳುವುದು, ಈ ಒಂದಕ್ಕೆ ಉದ್ರಿ ಇಲ್ಲ. ಜೂನ್‌ಗೆ ಬಂದ್. ಹಳೆಯ ಯಂತ್ರಕ್ಕೆ ನೆಟ್ ತಂತಿ ಸಿಕ್ಕಿಸುವುದಿಲ್ಲ; ಶ್ರಾದ್ಧದ ಫೋಟೊಗಳು ಅದರಲ್ಲೇ, ನನ್ನ ಕೈಯಲ್ಲೇ. ಮಗ ಇದಕ್ಕೆ ಪೂರ್ತಿ ಒಪ್ಪಿಲ್ಲ. ಮುಂದಿನ ಜೂನ್‌ನಲ್ಲಿ ನೋಡೋಣ ಎಂದಿದ್ದಾನೆ.